ಊಟಕ್ಕೆ ಕರೆಯುವ ಪಾಠ

ಬಸವೇಶ್ವರನಗರ, ಬೆಂಗಳೂರು
16 ಜೂನ್ 2024, ಭಾನುವಾರ

ಕಿಟ್ಟಿ,

ನೀನು ಮಗಳನ್ನು ನನ್ನ ಕೈಗಿಟ್ಟು ವಿಮಾನ ಹತ್ತಿ ಇವತ್ತಿಗೆ ಹತ್ತು ದಿನ. ನಿಮ್ಮ ಚೀನಾದಲ್ಲಿ ವಾಟ್ಸಾಪ್ ಭಾನುವಾರ, ಹಬ್ಬದ ದಿನ ಮಾತ್ರ, ಅದೂ ಆಫೀಸಿನ ವಿಪಿಎನ್ ಅನ್ನುವ ಕಳ್ಳಗಿಂಡಿಯಿಂದ ತೆರೆಯುತ್ತದೆ ಅಂದೆ. ಉಳಿದದ್ದಕ್ಕೆ ಮೇಲ್ ಇದೆ. ಆದರೆ ಮೂವತ್ತೊಂದು ವರ್ಷ ರಾಜಾಜಿನಗರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಅಕ್ಕನಿಗೆ ಮೇಲ್ ಬರೆಯುವುದಾದರೆ ತಾರೀಖು ಹಾಕಿ, ಪತ್ರದ ಹಾಗೆ ಬರೆ. 'ಓಕೆ ಅಕ್ಕ' ಅಂತ ಒಂದೇ ಸಾಲು ಬಂದರೆ ಮಾರ್ಕ್ಸ್ ಕಳೆಯುತ್ತೇನೆ.

ನಿನ್ನ ಮಿನ್‌ಮಿನ್ ಚೆನ್ನಾಗಿದ್ದಾಳೆ. ಅಡುಗೆಗೆ ಬರುವ ಮುನಿತಾಯಮ್ಮ ಮೊದಲ ದಿನವೇ ಅವಳನ್ನು ಮಿನ್ನಿ ಮಾಡಿದಳು. ಎರಡನೇ ಕ್ಲಾಸಿಗೆ ಸೇರಿಸಿದ್ದೇನೆ. ಫಾರಂನಲ್ಲಿ ಮಾತೃಭಾಷೆ ಅನ್ನುವ ಕಡೆ 'ಚೀನೀ' ಅಂತ ಬರೆದೆ. ಗುಮಾಸ್ತ ಓದಿ, "ಏನ್ ಮೇಡಂ, ಸಕ್ಕರೆನಾ?" ಅಂದ. ಮಗು ಸಕ್ಕರೆಯೇ, ಇನ್ನೂ ಕರಗಿಲ್ಲ ಅಷ್ಟೆ. ನಿನ್ನಿಂದ ಕಲಿತ ಅರೆಬರೆ ಕನ್ನಡದಲ್ಲಿ ನೀರು, ಅನ್ನ, ಬೇಡ, ಈ ಮೂರರಿಂದ ಸಂಸಾರ ನಡೆಸುತ್ತಿದ್ದಾಳೆ.

ಯುಲಿಂಗಳ ಪೆಟ್ಟಿಗೆ ಬಿಚ್ಚಿದೆ. (ತಮ್ಮನ ಹೆಂಡತಿಯನ್ನು ನಾನು ಲಿಂಗಮ್ಮ ಅಂದರೆ ಅವಳಿಗೆ ಬೇಜಾರಿಲ್ಲ ತಾನೆ?) ಕುಂಚ, ಕತ್ತರಿಸಿ ಅಂಟಿಸುವ ಕೆಂಪು ಕಾಗದ, ನೂರಿಪ್ಪತ್ತು ಕಾರ್ಡು, ಹೊಟ್ಟೆ ಒತ್ತಿದರೆ ಪಾಠ ಹೇಳುವ ಪ್ಲಾಸ್ಟಿಕ್ ಮೊಲ. ಶಿಶುವಿಹಾರದ ಟೀಚರ್ ಅಂದರೆ ಹೀಗಿರಬೇಕು. ಜೊತೆಗೆ ಒಂದು ಇಂಗ್ಲಿಷ್ ಚೀಟಿ: ಭಾಷೆಯನ್ನು ಭಾಷೆ ಅಂತ ಕಲಿಸಬೇಡಿ, ಹಬ್ಬ, ಅಡುಗೆ, ಮನೆಯ ರೀತಿ ಅಂತ ಕಲಿಸಿ, ಮಾತು ಅದರ ಹಿಂದೆ ತಾನಾಗಿ ಬರುತ್ತದೆ. ಅಜ್ಜಿ ಹುಷಾರಾಗುವವರೆಗೆ ಮಗು ತನ್ನ ಮಾತು ಮರೆಯದಿದ್ದರೆ ಸಾಕು. ನಾನು ಒಪ್ಪಿದೆ.

ಕಾರ್ಡಿನ ಒಂದು ಬದಿ ಚಿತ್ರ, ಇನ್ನೊಂದು ಬದಿ ಅವರ ಅಕ್ಷರ. ಚಿತ್ರದಲ್ಲಿ ಒಬ್ಬ ಮುದುಕಿ ಇದ್ದರೆ ಅವಳು ತಾಯಿಯ ತಾಯಿಯೋ ತಂದೆಯ ತಾಯಿಯೋ ನನಗೆ ತಿಳಿಯಬೇಕಲ್ಲ? ಯುಲಿಂಗಳ ಪಟ್ಟಿ ನೋಡಿ ನೂರಿಪ್ಪತ್ತಕ್ಕೂ ಕನ್ನಡದ ಚೀಟಿ ಅಂಟಿಸಿದೆ. ಚಿತ್ರ ಮುಚ್ಚುವ ಹಾಗಿಲ್ಲ, ಆದ್ದರಿಂದ ಅಕ್ಷರದ ಮೇಲೆ. ತಾಯಿಯ ತಾಯಿ 'ವಾಯ್‌ಪೋ' ಅಂತೆ. ನಮ್ಮ ಬೀದಿಯ ತಮಿಳಿನಲ್ಲಿ ಅದನ್ನು ಬಾಯಿ ಹೋಯಿತು ಅಂತ ಓದಬಹುದು. ನಿನ್ನ ಅತ್ತೆಗೆ ಲಕ್ವ ಹೊಡೆದದ್ದು ಕೈಗೆ, ಬಾಯಿಗಲ್ಲ ತಾನೆ? ಬೇಗ ಗುಣವಾಗಲಿ.

ಕಲಕ್ಕ

*

ಕೆಚಿಯಾವ್, ಶಾವ್‌ಶಿಂಗ್
7 ಜುಲೈ 2024

ಪ್ರೀತಿಯ ಅಕ್ಕ,

ತಾರೀಖು ಹಾಕಿದ್ದೇನೆ, ಮಾರ್ಕ್ಸ್ ಕೊಡು. ಮೇಲಿಂದ ಕೆಳಗೆ ಬಟ್ಟೆ ನೇತುಹಾಕಿ ಬೆಳಕಿಗೆ ಹಿಡಿದು ತಪ್ಪು ಹುಡುಕುವುದು ನನ್ನ ಕೆಲಸ. ನಿನ್ನ ಪತ್ರವನ್ನೂ ಹಾಗೇ ಓದಿದೆ. ಒಂದು ಎಳೆಯೂ ತಪ್ಪಿಲ್ಲ.

ಅತ್ತೆಯವರು ಪರವಾಗಿಲ್ಲ. ಬಲಗೈ ಸ್ವಲ್ಪ ಎತ್ತುತ್ತಾರೆ. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂರಿಸುತ್ತೇವೆ. ಭಾನುವಾರ ನಿಮ್ಮ ಎರಡೂವರೆಗೆ ಫೋನ್ ಮಾಡುತ್ತೇನಲ್ಲ, ಆಗ ಇಲ್ಲಿ ಐದು ಗಂಟೆ, ಊಟದ ಹೊತ್ತು. ಮಿನ್‌ಮಿನ್ ನಾಲ್ಕು ಮಾತು ಜಾಸ್ತಿ ಆಡಲಿ. ಅತ್ತೆಯವರಿಗೆ ಇಷ್ಟ.

ಇನ್ನೊಂದು. ಮೊಲದಲ್ಲಿ ಇಪ್ಪತ್ತನಾಲ್ಕು ಪಾಠ ಇವೆ. ಹಬ್ಬಗಳನ್ನು ಹಿಂದೆ ಮುಂದೆ ಮಾಡಿದರೂ ನಡೆಯುತ್ತದೆ, ಒಂಬತ್ತನೆಯದು ಮಾತ್ರ ಬಿಡಬೇಡ ಅಂತ ಯುಲಿಂಗ್ ಎರಡು ಸಲ ಹೇಳಿದಳು. ಅದು ಊಟಕ್ಕೆ ಕರೆಯುವ ಪಾಠ. ಇಲ್ಲಿ ಮನೆಯ ಚಿಕ್ಕ ಮಗು ದೊಡ್ಡವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯಬೇಕು, ಅವರು ಬಂದು ಕೂತ ಮೇಲೆ ತಾನು ತಟ್ಟೆ ಮುಟ್ಟಬೇಕು. ದಿನಾ ಒಂದು ಸಲ ಕೇಳಿಸು.

ಲಿಂಗಮ್ಮ ಅನ್ನು, ಪರವಾಗಿಲ್ಲ. ಅರ್ಥ ಹೇಳಿದೆ, ನಕ್ಕಳು. ಬಹಳ ದಿನದ ಮೇಲೆ ನಕ್ಕಳು.

ಕಿಟ್ಟಿ

*

ಬಸವೇಶ್ವರನಗರ
18 ಸೆಪ್ಟೆಂಬರ್ 2024

ಕಿಟ್ಟಿ,

ನಿನ್ನೆ ನಿಮ್ಮ ಚಂದ್ರನ ಹಬ್ಬ, ನಮಗೆ ಬರೀ ಹುಣ್ಣಿಮೆ. ಡಾ. ರಾಜ್‌ಕುಮಾರ್ ರಸ್ತೆಯೆಲ್ಲ ಸ್ಕೂಟರಿನಲ್ಲಿ ಸುತ್ತಿ ಆ ಹಬ್ಬದ ಚಂದ್ರನಾಕಾರದ ಸಿಹಿಗೆ ಒಂದು ಅಚ್ಚು ತಂದೆ. ಬಿಸ್ಕತ್ತಿನ ಅಚ್ಚು, ಚಂದ್ರನಿಗೆ ಗೊತ್ತಾಗಲಿಲ್ಲ. ಒಳಗೆ ಕಡಲೆಬೇಳೆ ಹೂರಣ. ಮುನಿತಾಯಮ್ಮ ನೋಡಿ, "ಇದೇನ್ ಕಲಾಮ್ಮ, ಹೋಳ್ಗೆಗೆ ಮೈ ಬಂದಂಗೈತೆ," ಅಂದಳು. ನೀವು ಅದಕ್ಕೆ ಸಾವಿರ ವರ್ಷದ ಪರಂಪರೆ ಅನ್ನುತ್ತೀರಿ. ನಾವು ಹೋಳಿಗೆಗೆ ಬೊಜ್ಜು ಅನ್ನುತ್ತೇವೆ.

ನನ್ನ ಪದ್ಧತಿ ಕೇಳು. ಅವರದೊಂದು ತೆಗೆದುಕೊಂಡರೆ ಪಕ್ಕದಲ್ಲಿ ನಮ್ಮದೊಂದು ಇಡುತ್ತೇನೆ. ಅವರ ಚಂದ್ರನಲ್ಲಿ ಮೊಲ, ನಮ್ಮ ಚಂದ್ರನಲ್ಲೂ ಮೊಲ. ಅವರ ಚಾ, ನಮ್ಮ ಚಹಾ. ಅವರು ಬಾಗಿಲಿಗೆ ಕೆಂಪು ಕಾಗದ ಅಂಟಿಸಿದರೆ ನಾವು ತೋರಣ ಕಟ್ಟುತ್ತೇವೆ. ಮಗುವಿನ ಮುಖ ಅರಳುತ್ತದೆ. "ಹಾಗಾದ್ರೆ ಎರಡೂ ಒಂದೇನಾ ಅತ್ತೆ?" ಅನ್ನುತ್ತಾಳೆ. ಒಂದೇ ಅನ್ನುತ್ತೇನೆ. ಕಾರ್ಡು ಎತ್ತಿದರೆ ಸಾಕು, ಪಟಪಟ ಓದುತ್ತಾಳೆ.

ಒಂಬತ್ತನೆಯ ಪಾಠ ದಿನವೂ ನಡೆಯುತ್ತದೆ. ಏಳೂವರೆಗೆ ಬಾಗಿಲಲ್ಲಿ ನಿಂತು, "ಅತ್ತೆ, ಊಟಕ್ಕೆ ಬನ್ನಿ," ಅಂತ ಕರೆಯುತ್ತಾಳೆ. ನಾನು ಬಂದು ಕೂರುವ ತನಕ ತುತ್ತು ಮುಟ್ಟುವುದಿಲ್ಲ. ನಿಮ್ಮ ಭಾವ ಹೋದ ಆರು ವರ್ಷದಲ್ಲಿ ನನ್ನನ್ನು ಊಟಕ್ಕೆ ಕರೆದದ್ದು ಕುಕ್ಕರ್ ಒಂದೇ. ಮೊದಲ ದಿನ ಅತ್ತೆಯಾದ ನಾನು ಅತ್ತೆ. ಎರಡೂ ಅರ್ಥ ನೀನೇ ಬಿಡಿಸಿಕೊ.

ಅಷ್ಟು ಚೆನ್ನಾಗಿ ನಡೆಯುತ್ತಿದೆ ಅಂತ ಲಿಂಗಮ್ಮನಿಗೆ ಹೇಳು.

ಕಲಕ್ಕ

*

ಕೆಚಿಯಾವ್
27 ಅಕ್ಟೋಬರ್ 2024

ಅಕ್ಕ,

ಅಚ್ಚಿನ ಫೋಟೋ ಎಲ್ಲರಿಗೂ ತೋರಿಸಿದೆವು. ಅತ್ತೆಯವರು ಫೋನನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಒಂದು ವಿಷಯ ಕೇಳಲಾ? ಭಾನುವಾರ ಮಿನ್‌ಮಿನ್ ತಲೆ ಆಡಿಸುತ್ತಾಳೆ, ಕೈ ಬೀಸುತ್ತಾಳೆ, ಯುಲಿಂಗ್ ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ. ಮಾತು ಬರುವ ಮೊದಲೇ ಫೋನ್ ಕಡಿಯುತ್ತದೆ. ನೆಟ್‌ವರ್ಕ್ ಅಂತ ನೀನು ಹೇಳುತ್ತೀ. ನಾಲ್ಕು ವಾರದಿಂದ ಸರಿಯಾಗಿ ಎರಡೂವರೆಗೇ ನಿಮ್ಮ ಬೀದಿಯ ನೆಟ್‌ವರ್ಕ್ ಮಲಗುತ್ತದೆಯಾ? ಹೋಗಲಿ ಬಿಡು, ನಮ್ಮ ಕಡೆಯದೂ ಅಷ್ಟಕ್ಕಷ್ಟೆ.

ಮೊಲದ ಬ್ಯಾಟರಿ ಮುಗಿದಿದ್ದರೆ ಹೇಳು, ಅಲ್ಲಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಅದರ ಅಳತೆಯದು ಅಲ್ಲಿ ಸಿಗುವುದಿಲ್ಲವೇನೋ.

ಕಿಟ್ಟಿ

*

ಬಸವೇಶ್ವರನಗರ
22 ಡಿಸೆಂಬರ್ 2024

ಕಿಟ್ಟಿ,

ಬ್ಯಾಟರಿ ಸಿಗುತ್ತದೆ. ಇದು ಬೆಂಗಳೂರು, ಬೇಡರಹಳ್ಳಿಯಲ್ಲ.

ನಿನ್ನೆ ಚಳಿಗಾಲದ ಹಬ್ಬ ಮಾಡಿದೆವು. ಸಿಹಿನೀರಿನಲ್ಲಿ ತೇಲುವ ಅಕ್ಕಿಹಿಟ್ಟಿನ ಉಂಡೆ. ಮುಳುಗಿದ್ದು ತೇಲಿದರೆ ಬೆಂದಿದೆ ಅಂತ ಲೆಕ್ಕವಂತೆ. ನಮ್ಮದರಲ್ಲಿ ಅರ್ಧ ತೇಲಿದವು, ಅರ್ಧ ತಳ ಸೇರಿ ಸಂಸಾರ ಹೂಡಿದವು. ಮಿನ್ನಿ ಕೆಂಪು ಕಾಗದದಲ್ಲಿ ಮೀನು ಕತ್ತರಿಸಿ ಬಾಡಿಗೆ ಮನೆಯ ಶಿಲ್ಪಾಳ ಬಾಗಿಲಿಗೂ ಅಂಟಿಸಿ ಬಂದಳು. ಬಾಗಲಕೋಟೆಯ ಹುಡುಗಿ ಪಾಪ, "ಇದೇನ್ರೀ ಮೇಡಂ, ಮೀನಾ? ನಾವ್ ತಿನ್ನಂಗಿಲ್ರೀ," ಅಂತ ಕೇಳಿಕೊಂಡು ಮೇಲೆ ಬಂದಳು.

ದೊಡ್ಡ ಸುದ್ದಿ. ಶಾಲೆಯ ಪದ್ಯ ಹೇಳುವ ಸ್ಪರ್ಧೆಯಲ್ಲಿ ಮಿನ್ನಿಗೆ ಮೊದಲ ಬಹುಮಾನ. ಕನ್ನಡ ಪದ್ಯ. ಇಪ್ಪತ್ತು ಸಾಲು, ಎಲ್ಲೂ ತಡವರಿಸಲಿಲ್ಲ. ಅವಳ ಳ, ಣ ಕೇಳಬೇಕು ನೀನು. ನನ್ನ ಬಿ.ಎ. ಹುಡುಗರಿಗೂ ಹೊರಳದ ನಾಲಿಗೆ.

ಮೂರನೇ ಕ್ಲಾಸಿಗೆ ಇಲ್ಲೇ ಇರಲಿ ಅಂತ ಹೆಡ್‌ಮಿಸ್ಸಿಗೆ ಬಾಯಿಮಾತಿನಲ್ಲಿ ಹೇಳಿದ್ದೇನೆ. ಆ ಮನೆಯಲ್ಲಿ ಕಾಯಿಲೆಯವರಿದ್ದಾರೆ, ನೀವಿಬ್ಬರೂ ಕೆಲಸಕ್ಕೆ ಹೋಗುವವರು. ಯೋಚಿಸು.

ಕಲಕ್ಕ

*

ಕೆಚಿಯಾವ್
2 ಫೆಬ್ರವರಿ 2025

ಅಕ್ಕ,

ಹೊಸ ವರ್ಷದ ಹಿಂದಿನ ಸಂಜೆ ಇಲ್ಲಿ ಎಲ್ಲರೂ ಸೇರಿದ್ದೆವು. ಇವರಿಗೆ ವರ್ಷದ ದೊಡ್ಡ ಊಟ ಅದು. ಫೋನನ್ನು ಬಟ್ಟಲಿಗೆ ಒರಗಿಸಿ ಅತ್ತೆಯವರ ಎದುರಿಗೆ ಇಟ್ಟೆವು. ಆವತ್ತು ನೆಟ್‌ವರ್ಕ್ ಚೆನ್ನಾಗಿತ್ತು. ಅದೇ ಕಷ್ಟವಾದದ್ದು.

ಯುಲಿಂಗ್, "ವಾಯ್‌ಪೋನ ಊಟಕ್ಕೆ ಕರಿ," ಅಂತ ಅವಳ ಭಾಷೆಯಲ್ಲಿ ಹೇಳಿದಳು. ಮಿನ್‌ಮಿನ್ ನಿನ್ನ ಮುಖ ನೋಡಿದಳು. ಯುಲಿಂಗ್ ಮತ್ತೆ ಹೇಳಿದಳು. ಮಗು ನಿನಗೆ ಕನ್ನಡದಲ್ಲಿ, "ಅಮ್ಮ ಏನಂತಾರೆ ಅತ್ತೆ?" ಅಂತ ಕೇಳಿತು. ಅರ್ಥ ಹೇಳು ಅಂತ ಯುಲಿಂಗ್ ನನ್ನ ಕಡೆ ತಿರುಗಿದಳು. ಹೆಂಡತಿಗೆ ಅವಳ ಮಗಳ ಮಾತಿನ ಅರ್ಥ ನಾನು ಹೇಳಬೇಕಾಯಿತು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಅತ್ತೆಯವರಿಗೆ ಕೈ ಒಂದೇ ಅಲ್ಲ ಅಕ್ಕ, ಬಾಯಿಯೂ ಹೋಯಿತು. ಕಳೆದ ಮೇ ತಿಂಗಳಿಂದ ಒಂದು ಮಾತೂ ಆಡಿಲ್ಲ. ಮಾತಿಗೆ ವ್ಯಾಯಾಮ ಮಾಡಿಸುವ ಡಾಕ್ಟರು, ದಿನಬಳಕೆಯ ಮಾತನ್ನು ಹತ್ತಿರದ ದನಿಯಲ್ಲಿ ಕೇಳಿಸುತ್ತಿರಿ, ಬಂದರೆ ಅದಕ್ಕೆ ಉತ್ತರವಾಗಿ ಬರಬಹುದು ಅಂದರು. ಮಾತು ಕಲಿತಾಗಿನಿಂದ ದಿನವೂ ಅವರನ್ನು ಊಟಕ್ಕೆ ಕರೆದವಳು ಮಿನ್‌ಮಿನ್. ಭಾನುವಾರ ಐದು ಗಂಟೆಗೆ ಯಾಕೆ ಫೋನ್ ಮಾಡುತ್ತಿದ್ದೆ ಅಂತ ಈಗ ತಿಳಿಯಿತಾ?

ನಿನ್ನ ಮೊದಲ ಪತ್ರದ ತಮಾಷೆಗೆ ನಾನು ನಗಲಿಲ್ಲ. ನೀನು ನಗುತ್ತಿದ್ದೀ, ಮಗು ನಗುವ ಮನೆಯಲ್ಲಿದೆ, ಅದನ್ನು ಯಾಕೆ ಕೆಡಿಸಲಿ ಅಂತ ಸುಮ್ಮನಾದೆ.

ಮೊಲದ ಪಾಠ ಕೇಳಿಸುತ್ತಿದ್ದೀಯಾ?

ಕಿಟ್ಟಿ

*

ಬಸವೇಶ್ವರನಗರ
9 ಫೆಬ್ರವರಿ 2025

ಕಿಟ್ಟಿ,

ಮೊದಲೇ ಹೇಳಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ಎಂಟು ತಿಂಗಳು ಮುಚ್ಚಿಟ್ಟು ಈಗ ನನ್ನ ಮೇಲೆ ಎಸೆಯುತ್ತೀ.

ಏಳು ವರ್ಷದ ಮಗು ಅದು. ಹೊಸ ಶಾಲೆ, ಹೊಸ ಮನೆ, ಹೊಸ ಮಾತು. ಹಬ್ಬ ಒಂದನ್ನೂ ಬಿಟ್ಟಿಲ್ಲ, ಅಡುಗೆ ಒಂದನ್ನೂ ಬಿಟ್ಟಿಲ್ಲ. ಬೀದಿಯ ಮಕ್ಕಳನ್ನೆಲ್ಲ ಕೂರಿಸಿ ಕಾಗದ ಕತ್ತರಿಸುವುದು ಕಲಿಸಿದ್ದೇನೆ. ಇದಕ್ಕಿಂತ ಹೆಚ್ಚು ಏನು ಮಾಡಲಿ? ಎಲ್ಲರ ಮುಂದೆ ಪರೀಕ್ಷೆ ಇಟ್ಟರೆ ಯಾವ ಮಗುವಾದರೂ ಮೂಕಾಗುತ್ತದೆ.

ಇನ್ನೊಂದು ವರ್ಷ ಇರಲಿ. ಎಲ್ಲ ಸರಿಹೋಗುತ್ತದೆ.

ಕಲಾ

*

ಕೆಚಿಯಾವ್
23 ಫೆಬ್ರವರಿ 2025

ಅಕ್ಕ,

ಎರಡು ಪುಟದ ಬೈಗುಳಕ್ಕೆ ಕಾದಿದ್ದೆ, ಹತ್ತು ಸಾಲು ಬಂತು. ಕೊನೆಯಲ್ಲಿ ಕಲಕ್ಕ ಹೋಗಿ ಕಲಾ ಆಗಿತ್ತು.

ನೀನು ಹಬ್ಬದ ಲೆಕ್ಕ ಕೊಟ್ಟೆ. ನಾನು ಕೇಳಿದ್ದು ಮೊಲದ ವಿಷಯ. ಮಾತಾಡುತ್ತಿದೆಯೋ ಇಲ್ಲವೋ, ಒಂದು ಪದ ಸಾಕು.

ಏಪ್ರಿಲ್ ನಾಲ್ಕಕ್ಕೆ ಹಿರಿಯರಿಗೆ ಎಡೆ ಇಡುವ ದಿನ. ತೀರಿಹೋದ ಮಾವನವರನ್ನು ಊಟಕ್ಕೆ ಕರೆಯುವುದು ಮನೆಯ ಚಿಕ್ಕ ಮಗುವೇ. ಹೋದ ವರ್ಷ ಅವಳೇ ಕರೆದಿದ್ದಳು. ಈ ಸಲ ಫೋನಿನಲ್ಲಾದರೂ ಕರೆಯಲಿ ಅಂತ ಯುಲಿಂಗ್ ಕೇಳುತ್ತಿದ್ದಾಳೆ. ಅದಾದ ಮೇಲೆ ಮಗುವನ್ನು ಕರೆದುಕೊಂಡು ಬರಲು ಅವಳೇ ಹೊರಡುತ್ತಾಳಂತೆ.

ಕಿಟ್ಟಿ

*

ಬಸವೇಶ್ವರನಗರ
9 ಮಾರ್ಚ್ 2025

ಕಿಟ್ಟಿ,

ಮೊಲ ಮಾತಾಡುತ್ತಿರಲಿಲ್ಲ. ಕಳೆದ ಜೂನ್ ಕೊನೆಯಿಂದ ಅದು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ರವೆಯ ದೊಡ್ಡ ಡಬ್ಬಿಯಲ್ಲಿ ಇತ್ತು.

ಒಂಬತ್ತನೆಯ ಪಾಠ ಹಾಕಿದ ಮೊದಲ ದಿನ ಮಗು ಎರಡೂ ಕಿವಿ ಮುಚ್ಚಿಕೊಂಡು ಅತ್ತಿತು. ತಿಂದದ್ದೆಲ್ಲ ಹೊರಗೆ ಬಂತು. ಅಮ್ಮನ ದನಿ ಕೇಳಿ ನೆನಪಾಯಿತು ಅಂದುಕೊಂಡೆ. ಎರಡು ದಿನ ಎತ್ತಿಡೋಣ ಅಂತ ಡಬ್ಬಿಗೆ ಹಾಕಿದೆ. ಮೊದಲ ವಾರ ಅದು ಅವಳ ಸಂಕಟಕ್ಕೆ. ಆಮೇಲಿನದೆಲ್ಲ ನನ್ನ ಸುಖಕ್ಕೆ. ದನಿ ಇಲ್ಲದಾಗ ಅವಳು ನನ್ನ ದನಿ ಹಿಡಿದಳು. "ಅತ್ತೆ, ಊಟಕ್ಕೆ ಬನ್ನಿ" ಅಂದ ಸಂಜೆಯೇ ಡಬ್ಬಿ ಇಳಿಸಬಹುದಿತ್ತು. ಇಳಿಸಲಿಲ್ಲ.

ನಿಮ್ಮ ಹಬ್ಬಗಳನ್ನೆಲ್ಲ ನಾನು ಕನ್ನಡದಲ್ಲಿ ಮಾಡಿದೆ ಕಣೋ. ಕತೆ ಕನ್ನಡದಲ್ಲಿ, ಅಡುಗೆ ಕನ್ನಡದಲ್ಲಿ. ಮಗು ಪಟಪಟ ಓದುತ್ತಾಳೆ ಅಂತ ಬರೆದೆನಲ್ಲ, ಅವಳು ಓದುತ್ತಿದ್ದದ್ದು ನಾನು ಅಂಟಿಸಿದ ಚೀಟಿ. ಅದು ಅಕ್ಟೋಬರಿನಲ್ಲೇ ನನಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಮೇಷ್ಟರಾಗಿದ್ದವಳಿಗೆ ಗೊತ್ತಾಗದೆ ಇರುತ್ತದೆಯೇ. ಭಾನುವಾರ ಎರಡೂವರೆಗೆ ವೈಫೈ ಆರಿಸುತ್ತಿದ್ದವಳೂ ನಾನೇ.

ಕಳೆದ ಸೋಮವಾರ ಮುನಿತಾಯಮ್ಮ ಉಪ್ಪಿಟ್ಟಿಗೆ ರವೆ ಹುಡುಕಿ ಆ ಡಬ್ಬಿ ಇಳಿಸಿದಳು. ಕೈ ಹಾಕಿದರೆ ಮೊಲ. ಹೊಟ್ಟೆ ಒತ್ತಿತು, ಅದು ಕೂಗಿಬಿಟ್ಟಿತು. ಮಿನ್ನಿ ಶೂ ಒಂದು ಕಾಲಿಗೆ ಹಾಕಿಕೊಂಡವಳು ಹಾಗೇ ಓಡಿಬಂದಳು. ಅಳಲಿಲ್ಲ. ಕೈ ಚಾಚಿ ನಿಂತಳು.

"ಏನ್ ಕಲಾಮ್ಮ ಇದು?"

"ಮಗು ಅಳುತ್ತೆ ಅಂತ ಎತ್ತಿಟ್ಟಿದ್ದೆ ಮುನಿತಾಯಮ್ಮ."

"ಅತ್ರೆ ಅಳ್ಲಿ ಬುಡಿ. ನಾನು ಹೊಸ್ಕೋಟೆಯಿಂದ ಬಂದ್ ವರ್ಸ ನಮ್ಮವ್ವನ್ನ ನೆನ್ಕೊಂಡು ಅಳ್ಲಿಲ್ವಾ? ಅಳ್ದೇ ಇರ್ಲಿ ಅಂತ ಯಾರಾನಾ ನಮ್ಮವ್ವನ್ ದನೀನೇ ಡಬ್ಬೀಗ್ ತುಂಬ್ತಾರಾ?"

ಉಪ್ಪಿಟ್ಟು ಮಾಡಿದಳು. ಮಗುವಿಗೆ ಬಡಿಸಿದಳು, ನನಗೆ ನಾನೇ ಬಡಿಸಿಕೊಂಡೆ.

ಮಿನ್ನಿ ಊಟದ ಮೇಜಿನ ಅಡಿಯಲ್ಲಿ ಕೂತು ಒಂಬತ್ತನೆಯದನ್ನೇ ಮತ್ತೆ ಮತ್ತೆ ಹಾಕುತ್ತಾಳೆ. ಅದರಲ್ಲಿ ಯುಲಿಂಗ್ ಏನೋ ಹೇಳುತ್ತಾಳೆ, ಮಿನ್ನಿಯದೇ ಪುಟ್ಟ ದನಿ, "ವಾಯ್‌ಪೋ, ಛಿ ಫಾನ್ ಲ," ಅನ್ನುತ್ತದೆ. ಊಟಕ್ಕೆ ಕರೆಯುವಾಗ ಛಿ ಅನ್ನುವ ಜನ ನೀವು. ನಗು ಬರಲಿಲ್ಲ. ಆಮೇಲೆ ದೂರದಿಂದ, ಪಾತ್ರೆ ಸದ್ದಿನ ಹಿಂದೆ, ಒಬ್ಬ ಮುದುಕಿ, "ಲಾಯ್ ಲ," ಅಂತ ಎಳೆದು ಹೇಳುತ್ತಾಳೆ. ಅದು ಯಾರು ಕಿಟ್ಟಿ?

ಬೈಯುವುದಿದ್ದರೆ ಬೈ. ಆದರೆ ಇದಕ್ಕೆ ಉತ್ತರ ಬರೆ.

ಅಕ್ಕ

*

ಕೆಚಿಯಾವ್
14 ಮಾರ್ಚ್ 2025

ಅಕ್ಕ,

ಅದು ಅತ್ತೆಯವರು. 'ಬಂದೆ' ಅಂತ ಅರ್ಥ.

ಹೋದ ವರ್ಷ ಮಾರ್ಚಿನಲ್ಲಿ, ಲಕ್ವ ಹೊಡೆಯುವುದಕ್ಕೆ ಎರಡು ತಿಂಗಳು ಮುಂಚೆ, ಯುಲಿಂಗ್ ತನ್ನ ಶಿಶುವಿಹಾರದ ಮಕ್ಕಳಿಗೋಸ್ಕರ ಮೊಲದ ಬೆನ್ನಿನ ಗುಂಡಿ ಒತ್ತಿ ನೇರ ಅದರಲ್ಲೇ ಮುದ್ರಿಸಿದ್ದಳು. ಬೇರೆ ಪ್ರತಿ ಇಲ್ಲ. ಅತ್ತೆಯವರ ದನಿ ಈ ಲೋಕದಲ್ಲಿ ಉಳಿದಿರುವುದು ಅಷ್ಟೇ, ಎರಡು ಪದ. ಅದನ್ನು ತಾನು ಇಟ್ಟುಕೊಳ್ಳದೆ ಮಗಳಿಗೆ ಕೊಟ್ಟು ಕಳಿಸಿದಳು. ಎಂಟು ತಿಂಗಳು ಅದು ನಿನ್ನ ರವೆಯಲ್ಲಿತ್ತು.

ಮಗು ಅಮ್ಮನ ದನಿಗೆ ಅತ್ತದ್ದಲ್ಲ. ಅತ್ತೆಯವರು ಅಡುಗೆಮನೆಯಲ್ಲಿ ಕುಸಿದಾಗ ಪಕ್ಕದಲ್ಲಿದ್ದವಳು ಅವಳೊಬ್ಬಳೇ. ನಾವು ಮನೆಗೆ ಬರುವ ತನಕ ಊಟಕ್ಕೆ ಏಳು ಅಂತ ಕರೆಯುತ್ತಲೇ ಇದ್ದಳು. ಇದನ್ನು ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಮೊಲವನ್ನು ಹೇಗೆ ಕೇಳಿಸಬೇಕು ಅಂತ ನಿನಗೆ ತಿಳಿಯುತ್ತಿತ್ತು. ಬಟ್ಟೆಯ ತಪ್ಪು ಹುಡುಕುವವನು ಇದನ್ನು ನೋಡಲಿಲ್ಲ.

ಬೈಯಲಾರೆ. ಯುಲಿಂಗಳಿಗೆ ಹೇಳಿದೆ. ಅವಳು ಎದ್ದು ಬಾಲ್ಕನಿಗೆ ಹೋಗಿ ಬಟ್ಟೆ ಮಡಿಸಿದಳು, ಒಣಗಿರದ ಬಟ್ಟೆಯನ್ನೂ ಮಡಿಸಿದಳು. ಒಳಗೆ ಬಂದು ಒಂದೇ ಮಾತು ಹೇಳಿದಳು: ದಿನಾ ಕೇಳಿಸಲಿ, ಏಪ್ರಿಲ್ ನಾಲ್ಕಕ್ಕೆ ಇನ್ನೂ ಮೂರು ವಾರ ಇದೆ.

ಕಿಟ್ಟಿ

*

ಬಸವೇಶ್ವರನಗರ
4 ಏಪ್ರಿಲ್ 2025

ಕಿಟ್ಟಿ,

ಫೋನ್ ಯಾಕೆ ನಿಂತಿತು? ನಾನು ಆರಿಸಿದ್ದಲ್ಲ, ಆಣೆ ಮಾಡುತ್ತೇನೆ. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದು ಸಲ ಹಚ್ಚಿದೆ.

ಮೂರು ವಾರ ಅವಳು ಮೊಲದ ಜೊತೆ ಅಭ್ಯಾಸ ಮಾಡಿದಳು. ಸ್ನಾನ ಮಾಡಿಸಿ, ಹೊಸ ಲಂಗ ಹಾಕಿ, ಪಾಲಕ್ ಅರೆದು ಮಾಡಿದ ಆ ದಿನದ ಹಸಿರು ಉಂಡೆಯನ್ನು ಎದುರಿಗಿಟ್ಟು ಕೂರಿಸಿದ್ದೆ. ನಿಮ್ಮ ಮೇಜು ಕಾಣುತ್ತಿತ್ತು, ಬಟ್ಟಲು, ಕಡ್ಡಿ, ಪುಟ್ಟ ಲೋಟ. ನನ್ನ ಮುಖ ನೋಡದೆ, ಒಂದೇ ಉಸಿರಿನಲ್ಲಿ ಕರೆದಳು. ಆಮೇಲೆ ಯಾರೋ ಹೆಂಗಸು ಕಿರುಚಿದ ಹಾಗಾಯಿತು, ಫೋನ್ ಬೋರಲು ಬಿತ್ತು. ಏನಾದರೂ ತಪ್ಪು ಹೇಳಿದಳಾ? ಮಿನ್ನಿ ಕೇಳುತ್ತಲೇ ಇದ್ದಾಳೆ, "ವಾಯ್‌ಪೋ ಬಂದ್ರಾ ಅತ್ತೆ?"

ಅಕ್ಕ

*

ಕೆಚಿಯಾವ್
5 ಏಪ್ರಿಲ್ 2025

ಅಕ್ಕ,

ತಪ್ಪು ಹೇಳಿದಳು. ಅದು ಅವಳ ತಪ್ಪಲ್ಲ, ನಮ್ಮಿಬ್ಬರದು.

ನಿನ್ನೆಯ ಮೇಜು ಹೋದವರದು. ಮಾವನವರಿಗೆ ಬಡಿಸಿದ್ದು, ಅವರನ್ನು ಮಾತ್ರ ಕರೆಯಬೇಕು. 'ವಾಯ್‌ಗಾಂಗ್', ಅಂದರೆ ತಾಯಿಯ ತಂದೆ, ಅನ್ನಬೇಕಿತ್ತು. ಮೊಲಕ್ಕೆ ಗೊತ್ತಿರುವುದು ವಾಯ್‌ಪೋ ಒಂದೇ. ಮಗು ಮೂರು ವಾರ ಅದನ್ನೇ ಕಲಿತಳು, ಅದನ್ನೇ ಹೇಳಿದಳು. ನಿನಗೆ ಹೊಳೆಯುವ ಹಾಗಿರಲಿಲ್ಲ, ನನಗೆ ಹೊಳೆಯಬೇಕಿತ್ತು. ಬದುಕಿರುವವರನ್ನು ಹೆಸರು ಹಿಡಿದು ಎಡೆಗೆ ಕರೆದ ಹಾಗಾಯಿತು. ಯುಲಿಂಗಳ ದೊಡ್ಡಮ್ಮ ಕೂಗಿ ಫೋನನ್ನು ಬೋರಲು ಹಾಕಿದರು.

ಆಗ ಕಿಟಕಿಯ ಕಡೆಯಿಂದ, "ಲಾಯ್ ಲ," ಅಂತ ಕೇಳಿಸಿತು.

ಮೊಲದಲ್ಲಿದ್ದ ಹಾಗಲ್ಲ. ಒರಟು, ಅರ್ಧ ಗಾಳಿ. ಆದರೆ ಅದೇ. ಎಡಗೈಯಿಂದ ಗಾಲಿ ತಳ್ಳಿಕೊಂಡು ತಾವೇ ಮೇಜಿಗೆ ಬಂದರು. ಬಂದು ಮಾವನವರ ಬಟ್ಟಲಿನ ಎದುರಿಗೆ ಕುರ್ಚಿ ನಿಲ್ಲಿಸಿದರು. ಯಾರೂ ಅಲ್ಲಾಡಲಿಲ್ಲ. ಯುಲಿಂಗ್ ಆ ಬಟ್ಟಲನ್ನು ಎತ್ತಿ ಪಕ್ಕಕ್ಕಿಟ್ಟು, ಒಳಗಿನಿಂದ ಬೇರೆ ಬಟ್ಟಲು ತಂದು, ಬೇರೆ ಅನ್ನ ಹಾಕಿ ಅಮ್ಮನ ಮುಂದೆ ಇಟ್ಟಳು.

ಹನ್ನೊಂದು ತಿಂಗಳ ಮೇಲೆ ಬಂದ ಮೊದಲ ಮಾತು. ಡಾಕ್ಟರಿಗೆ ಸಂತೋಷ. ದೊಡ್ಡಮ್ಮ ಅಳುತ್ತಿದ್ದಾರೆ. ಅತ್ತೆಯವರು ಉತ್ತರ ಕೊಟ್ಟದ್ದು ಮೊಮ್ಮಗಳಿಗೋ, ಹೋದ ಗಂಡನಿಗೋ, ನಮಗೆ ಯಾರಿಗೂ ಗೊತ್ತಿಲ್ಲ. ಇವತ್ತು ಊಟದ ಹೊತ್ತಿಗೆ ಮತ್ತೆ ಬಾಗಿಲ ಕಡೆ ನೋಡಿದರು. ಕರೆಯುವವರಿರಲಿಲ್ಲ. ತುತ್ತು ಮುಟ್ಟಲಿಲ್ಲ.

ಮಗುವಿಗೆ ಹೇಳು, ವಾಯ್‌ಪೋ ಬಂದರು ಅಂತ. ಬೇಗ ಕಳಿಸು ಅಕ್ಕ. ಯುಲಿಂಗ್ ಅಮ್ಮನನ್ನು ಬಿಟ್ಟು ಹೊರಡುವ ಹಾಗಿಲ್ಲ ಈಗ.

ಕಿಟ್ಟಿ

*

ಬಸವೇಶ್ವರನಗರ
20 ಏಪ್ರಿಲ್ 2025, ಭಾನುವಾರ

ಕಿಟ್ಟಿ,

ಮಗುವನ್ನು ನಾನೇ ಕರೆದುಕೊಂಡು ಬರುತ್ತೇನೆ. ವೀಸಾ ಆಯಿತು. ಶನಿವಾರ ಇಪ್ಪತ್ತಾರಕ್ಕೆ ಇಲ್ಲಿಂದ ಬ್ಯಾಂಕಾಕ್, ಅಲ್ಲಿಂದ ನಿಮ್ಮೂರ ಕಡೆಗೆ. ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ಏನೋ ಕದ್ದವಳ ಹಾಗೆ ಕಾಣುತ್ತೇನೆ. ಕ್ಯಾಮೆರಾಕ್ಕೆ ಗೊತ್ತಾಗುತ್ತದೆ ನೋಡು. ಹೆಡ್‌ಮಿಸ್ಸಿನಿಂದ ಟಿ.ಸಿ. ತಂದೆ. "ಮುಂದಿನ ವರ್ಷದ ಸ್ಪರ್ಧೆಗೆ ಇರ್ತಾಳೆ ಅಂದ್ಕೊಂಡಿದ್ವಲ್ಲ ಮೇಡಂ," ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ ಅನ್ನಲಿಲ್ಲ.

ಯುಲಿಂಗಳಿಗೆ ಏನು ಹೇಳಬೇಕೋ ಗೊತ್ತಿಲ್ಲ. ನನ್ನ ಮಾತು ಅವಳಿಗೆ ಅರ್ಥವಾಗುವುದಿಲ್ಲ, ಅದು ಒಳ್ಳೆಯದೇ. ಮೊಲವನ್ನು ಅವಳ ಕೈಗೆ ಕೊಡುತ್ತೇನೆ. ಕಿವಿಯ ಸಂದಿಯಲ್ಲಿ ಇನ್ನೂ ಸ್ವಲ್ಪ ರವೆ ಇದೆ. ಒರೆಸಲು ಹೋದರೆ ಮುನಿತಾಯಮ್ಮ, "ಇರ್ಲಿ ಬುಡಿ, ಎಲ್ಲಿತ್ತು ಅಂತ ಅವ್ರಿಗೂ ಗೊತ್ತಾಗ್ಲಿ," ಅಂದಳು. ಒರೆಸಲಿಲ್ಲ.

ಈ ವಾರವೆಲ್ಲ ಚೀಟಿ ಕೀಳುವ ಕೆಲಸ. ಒದ್ದೆ ಬಟ್ಟೆ ಇಟ್ಟು, ನೆನೆಸಿ, ಉಗುರಿನಿಂದ ಎಬ್ಬಿಸುವುದು. ಕಾಲೇಜಿನ ಅಂಟು ಕಣೋ, ಪರೀಕ್ಷೆಯ ಲಕೋಟೆಗೆ ಹಾಕುತ್ತಿದ್ದದ್ದು. ಕೆಲವು ಕಾರ್ಡಿನಲ್ಲಿ ಚೀಟಿಯ ಜೊತೆ ಅಕ್ಷರವೂ ಎದ್ದು ಬಂತು. ಅಂಥದ್ದನ್ನು ಮಿನ್ನಿ ಪಟ್ಟಿ ನೋಡಿ ಕುಂಚದಿಂದ ತಾನೇ ಬರೆಯುತ್ತಾಳೆ. ಬರೆದು ದೂರ ಹಿಡಿದು ನೋಡುತ್ತಾಳೆ, ನೀನು ಬಟ್ಟೆ ನೋಡುವ ಹಾಗೆ. ನೂರಿಪ್ಪತ್ತರಲ್ಲಿ ಮೂವತ್ತೆಂಟಕ್ಕೆ ಅವಳಿಗೆ ಮಾತು ಬರುತ್ತದೆ. ಉಳಿದವುಗಳ ಮುಂದೆ ಸುಮ್ಮನಾಗುತ್ತಾಳೆ. ಆ ಎಂಬತ್ತೆರಡು ನನ್ನ ಲೆಕ್ಕಕ್ಕೆ.

ಬಂಧುಗಳ ಕಟ್ಟಿನಲ್ಲಿ ಒಂದು ಕಾರ್ಡು ಅವಳೇ ಹುಡುಕಿ ತೆಗೆದಳು. ಚಿತ್ರದಲ್ಲಿ ಕನ್ನಡಕದ ಹೆಂಗಸು, ಮೇಲೆ ನನ್ನ ಕೈಬರಹದಲ್ಲಿ 'ಅತ್ತೆ'. ಅದನ್ನು ಎಲ್ಲದಕ್ಕಿಂತ ನಿಧಾನವಾಗಿ ಕಿತ್ತಳು, ಅಕ್ಷರ ಹರಿಯಲಿಲ್ಲ. ಅಡಿಯಲ್ಲಿದ್ದದ್ದನ್ನು ಬೆರಳಿಟ್ಟು ಓದಿದಳು, "ಗೂಗು." ಗೂಗೆಯ ತಂಗಿ ಇರಬೇಕು ಅಂದೆ. ನಗಲಿಲ್ಲ ಅವಳು. "ಅಲ್ಲ, ನೀವು," ಅಂದಳು. ಹತ್ತು ತಿಂಗಳು ನನ್ನ ಹೆಸರಿನ ಮೇಲೂ ನಾನೇ ಚೀಟಿ ಅಂಟಿಸಿಕೊಂಡು ಕೂತಿದ್ದೆ.

ನಿನ್ನೆ ಏಳೂವರೆಗೆ ಬಟ್ಟೆ ತುಂಬುತ್ತಿದ್ದೆ. ಅವಳ ಲಂಗ, ಅವಳ ಬಹುಮಾನದ ಬಟ್ಟಲು, ಹಪ್ಪಳ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದಳು. ಕನ್ನಡದಲ್ಲಲ್ಲ.

"ಗೂಗು, ಛಿ ಫಾನ್ ಲ."

ಮುನಿತಾಯಮ್ಮ ಸಾರಿನ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮಿನ್ನಿ ತಟ್ಟೆ ಮುಟ್ಟದೆ ಕಾಯುತ್ತಿದ್ದಳು. ಇದಕ್ಕೆ ಏನನ್ನಬೇಕು ಅಂತ ನನಗೆ ಗೊತ್ತಿತ್ತು ಕಿಟ್ಟಿ, ನಿನ್ನ ಅತ್ತೆಯಿಂದ ಕಲಿತದ್ದು. ಪೆಟ್ಟಿಗೆ ಮುಚ್ಚಿ ಮೇಜಿಗೆ ಬಂದೆ.

ಕೂರುವ ಮೊದಲು ಅಂದೆ, "ಲಾಯ್ ಲ."

ಕಲಕ್ಕ